ದೂರದ ಗಣಕಕ್ಕೆ ಭದ್ರವಾದ ದಾರಿ



ನಿಮ್ಮಲ್ಲಿ ಹಲವರು ಅಪ್ಪನ ಜೊತೆಗೋ ಅಜ್ಜನ ಜೊತೆಗೋ ಗುಬ್ಬಿಯ ಅಥವಾ ಕುಣಿಗಲಿನ ತಾಲ್ಲೂಕು ಕಚೇರಿಗೆ ಪಹಣಿ ತರಲು ಹೋಗಿರುತ್ತೀರಿ. ಊರಿನ ಹೆಸರು, ಸರ್ವೆ ನಂಬರು ಹೇಳಿದರೆ ಒಳಗೆ ಕುಳಿತವರು ಕೀಲಿಮಣೆಯ ಮೇಲೆ ಬೆರಳಾಡಿಸುತ್ತಾರೆ. ಸ್ವಲ್ಪ ಹೊತ್ತಿಗೆ ಮುದ್ರಿತ ಹಾಳೆ ಕೈಗೆ ಬರುತ್ತದೆ. ಆ ಹಾಳೆಯಲ್ಲಿರುವ ವಿವರ ಎಲ್ಲಿತ್ತು? ಎದುರಿಗಿದ್ದ ಗಣಕದಲ್ಲೇ ಇತ್ತು ಎಂದು ನೀವು ತಿಳಿದಿದ್ದರೆ ಅದು ಸರಿಯಲ್ಲ.

ರಾಜ್ಯ ಸರ್ಕಾರದ ‘ಭೂಮಿ’ ಯೋಜನೆ ಮಂಡ್ಯ ಜಿಲ್ಲೆಯ ಮದ್ದೂರಿನಲ್ಲಿ ಪ್ರಯೋಗವಾಗಿ ನಡೆದು, 2002ರ ಹೊತ್ತಿಗೆ ರಾಜ್ಯದ 177 ತಾಲ್ಲೂಕು ಕೇಂದ್ರಗಳಿಗೆ ಹರಡಿತು. ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕೈಬರಹದ ಪುಸ್ತಕಗಳಿಂದ ಗಣಕಕ್ಕೆ ಬಂದವು. ಆರಂಭದಲ್ಲಿ ಆಯಾ ತಾಲ್ಲೂಕಿನ ದಾಖಲೆ ಆಯಾ ಕಚೇರಿಯ ಸರ್ವರಿನಲ್ಲಿ ಇರುತ್ತಿತ್ತು. ರಾಜ್ಯವ್ಯಾಪಿ ಜಾಲ ಬಂದ ಮೇಲೆ ಈ ದಾಖಲೆಗಳು ಬೆಂಗಳೂರಿನ ದತ್ತಾಂಶ ಕೇಂದ್ರದಲ್ಲಿ ಒಟ್ಟುಗೂಡಿದವು. ಈಗ ಕಿಟಕಿಯ ಬಳಿ ಇರುವುದು ಕೇಳುವ ಯಂತ್ರ. ಉತ್ತರ ಹೇಳುವ ಯಂತ್ರ ದೂರದಲ್ಲಿದೆ.

ತುಮಕೂರು ರೈಲು ನಿಲ್ದಾಣದ ಮುಂಗಡ ಟಿಕೆಟ್ ಕಿಟಕಿಯ ಕಥೆಯೂ ಇದೇ. ಬೋಗಿಯ ಯಾವ ಸೀಟು ಖಾಲಿ ಎಂಬುದು ಆ ಕಿಟಕಿಯ ಗಣಕಕ್ಕೆ ತಿಳಿಯದು. ದೆಹಲಿ, ಮುಂಬಯಿ, ಕೋಲ್ಕತ, ಚೆನ್ನೈ ಮತ್ತು ಸಿಕಂದರಾಬಾದ್ ಕೇಂದ್ರಗಳ ದೊಡ್ಡ ಗಣಕಗಳು ಆ ಲೆಕ್ಕ ಇಡುತ್ತಿದ್ದವು. 1999ರಲ್ಲಿ ಈ ಐದೂ ಒಂದೇ ಜಾಲಕ್ಕೆ ಸೇರಿ, ದೇಶದ ಯಾವ ಕಿಟಕಿಯಿಂದಲಾದರೂ ಯಾವ ರೈಲಿಗಾದರೂ ಟಿಕೆಟ್ ಪಡೆಯುವುದು ಸಾಧ್ಯವಾಯಿತು.

ಈ ಎರಡು ಉದಾಹರಣೆಗಳಿಂದ ಒಂದು ಮಾತು ಮನದಟ್ಟಾಗುತ್ತದೆ. ಆಜ್ಞೆ ಕೊಡುವುದು ಒಂದು ಕಡೆ, ಕೆಲಸ ನಡೆಯುವುದು ಇನ್ನೊಂದು ಕಡೆ. ನಡುವೆ ಇರುವುದು ಒಂದು ದಾರಿ. ಆ ದಾರಿ ಭದ್ರವಾಗಿಲ್ಲದಿದ್ದರೆ ಏನಾದೀತು? ಯಾರದೋ ಜಮೀನಿನ ದಾಖಲೆಯನ್ನು ಇನ್ನಾರೋ ಓದಬಹುದು, ತಿದ್ದಲೂಬಹುದು. ಅಂಥ ದಾರಿಯನ್ನು ಭದ್ರಪಡಿಸುವ ಒಂದು ಮುಖ್ಯ ವಿಧಾನ ‘ಸೆಕ್ಯೂರ್ ಶೆಲ್’, ಚಿಕ್ಕದಾಗಿ ಎಸ್‌ಎಸ್‌ಎಚ್. ಪಹಣಿ ಮತ್ತು ಟಿಕೆಟ್ ಕಿಟಕಿಗಳ ತಂತ್ರ ಬೇರೆ ಬಗೆಯದು. ಅಲ್ಲಿ ಏಳುವ ಪ್ರಶ್ನೆಗಳು ಮಾತ್ರ ಇವೇ. ಎಸ್‌ಎಸ್‌ಎಚ್ ಮೂಲಕ ದೂರದ ನಡುಗಾತ್ರದ ಸರ್ವರಿನಲ್ಲಿ ಪ್ರೋಗ್ರಾಂ ನಡೆಸುವುದು ಹೇಗೆಂದು ಈಗ ನೋಡೋಣ.

ನಡುಗಾತ್ರದ ಗಣಕ ಎಂದರೇನು?

ಮೇಜಿನ ಮೇಲಿನ ಗಣಕ ಒಬ್ಬರಿಗಾಗಿ. ದೊಡ್ಡ ಬ್ಯಾಂಕುಗಳ ಮೈನ್‌ಫ್ರೇಮ್ ಸಾವಿರಾರು ಜನರಿಗಾಗಿ. ಇವೆರಡರ ನಡುವೆ ಒಂದು ಕಾರ್ಖಾನೆ, ಒಂದು ಸಗಟು ವ್ಯಾಪಾರದ ಸಂಸ್ಥೆ, ಒಂದು ಸಹಕಾರಿ ಬ್ಯಾಂಕಿನ ಲೆಕ್ಕವನ್ನೆಲ್ಲ ಹೊರಬಲ್ಲ ಯಂತ್ರಗಳಿವೆ. ಇವೇ ನಡುಗಾತ್ರದ ಸರ್ವರುಗಳು. ರೈಲ್ವೆಯವರು ಬಳಸಿದ ಡಿಜಿಟಲ್ ಕಂಪನಿಯ ವ್ಯಾಕ್ಸ್ ಗಣಕಗಳು ಈ ಬಳಗದವು. ಐಬಿಎಂ 1988ರಲ್ಲಿ ಹೊರತಂದ ಎಎಸ್/400 ಇನ್ನೊಂದು ಪ್ರಸಿದ್ಧ ಯಂತ್ರ. ಹೆಸರು ಹಲವು ಸಲ ಬದಲಾಗಿ, 2008ರಿಂದ ಅದರ ಕಾರ್ಯಾಚರಣ ವ್ಯವಸ್ಥೆಗೆ ‘ಐಬಿಎಂ ಐ’ ಎಂಬ ಹೆಸರು ನಿಂತಿದೆ.

ಈ ಯಂತ್ರದ ವಿಶೇಷವೆಂದರೆ ದತ್ತಸಂಚಯ ವ್ಯವಸ್ಥೆಯನ್ನು ಬೇರೆಯಾಗಿ ಕೊಂಡು ಹಾಕಬೇಕಿಲ್ಲ. ಅದು ಒಳಗೇ ಹೆಣೆದುಕೊಂಡಿದೆ. ಹಳೆಯ ಪ್ರೋಗ್ರಾಂಗಳನ್ನು ಕೈಬಿಡದಿರುವುದು ಇನ್ನೊಂದು ಗುಣ. 1990ರ ದಶಕದಲ್ಲಿ ಬರೆದ ಲೆಕ್ಕಪತ್ರದ ಪ್ರೋಗ್ರಾಂ ಇಂದಿನ ಹೊಸ ಯಂತ್ರದಲ್ಲೂ ಓಡುವುದುಂಟು. ಇದರಿಂದಾಗಿಯೇ ಇಂಥ ಸರ್ವರುಗಳ ಕೆಲಸ ಬಲ್ಲವರಿಗೆ ಇಂದಿಗೂ ಉದ್ಯೋಗವಿದೆ.

ಅಂಚೆ ಕಾರ್ಡು ಮತ್ತು ಮುಚ್ಚಿದ ಲಕೋಟೆ

ದೂರದ ಗಣಕವನ್ನು ಪ್ರವೇಶಿಸಲು ಹಿಂದೆ ‘ಟೆಲ್‌ನೆಟ್’ ಎಂಬ ವಿಧಾನವಿತ್ತು. ಅದರಲ್ಲಿ ನೀವು ಒತ್ತಿದ ಪ್ರತಿ ಅಕ್ಷರವೂ ಇದ್ದಂತೆಯೇ ತಂತಿಯಲ್ಲಿ ಸಾಗುತ್ತಿತ್ತು, ಪಾಸ್‌ವರ್ಡ್ ಕೂಡ. ಇದು ಅಂಚೆ ಕಾರ್ಡಿನಲ್ಲಿ ಮನೆಯ ಗುಟ್ಟು ಬರೆದು ಹಾಕಿದಂತೆ. ದಾರಿಯಲ್ಲಿ ಯಾರ ಕೈಗೆ ಸಿಕ್ಕರೂ ಅವರು ಓದಬಹುದು.

1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಹೀಗೆ ಪಾಸ್‌ವರ್ಡುಗಳನ್ನು ಕದ್ದು ಓದುತ್ತಿದ್ದುದು ಪತ್ತೆಯಾಯಿತು. ಅಲ್ಲಿ ಸಂಶೋಧಕರಾಗಿದ್ದ ತಾತು ಯ್ಲೋನೆನ್ ಇದಕ್ಕೆ ಪರಿಹಾರವಾಗಿ ಸೆಕ್ಯೂರ್ ಶೆಲ್ ಅನ್ನು ಬರೆದು, ಅದೇ ವರ್ಷ ಎಲ್ಲರಿಗೂ ಬಿಟ್ಟುಕೊಟ್ಟರು. ಗಣಕಜಾಲದಲ್ಲಿ ಪ್ರತಿ ಸೇವೆಗೂ ‘ಪೋರ್ಟ್’ ಎಂಬ ಬಾಗಿಲ ಸಂಖ್ಯೆ ಇರುತ್ತದೆ. ಕಡತ ಸಾಗಿಸುವ ಎಫ್‌ಟಿಪಿಗೆ 21, ಟೆಲ್‌ನೆಟ್‌ಗೆ 23. ನಡುವಿನ 22 ಖಾಲಿ ಇತ್ತು. ಯ್ಲೋನೆನ್ ಅದನ್ನೇ ಕೇಳಿ ಪಡೆದರು. 1999ರಲ್ಲಿ ಓಪನ್‌ಬಿಎಸ್‌ಡಿ ತಂಡ ‘ಓಪನ್ ಎಸ್‌ಎಸ್‌ಎಚ್’ ಎಂಬ ಮುಕ್ತ ತಂತ್ರಾಂಶವನ್ನು ಹೊರತಂದಿತು. ಇಂದು ಹೆಚ್ಚಿನ ಕಡೆ ಬಳಕೆಯಲ್ಲಿರುವುದು ಇದೇ. ಐಬಿಎಂ ಐ ಯಂತ್ರಕ್ಕೂ ಇದು ಬರುತ್ತದೆ.

ಎಲ್ಲರೆದುರೂ ಗುಟ್ಟು ಮಾಡುವ ಬಗೆ

ಇಲ್ಲಿ ನಿಮಗೊಂದು ಸಂದೇಹ ಬರಬೇಕು. ಪತ್ರಕ್ಕೆ ಬೀಗ ಹಾಕಿ ಕಳಿಸಿದರೆ ಆಚೆಯವರಿಗೆ ಬೀಗದಕೈ ಬೇಕಲ್ಲ? ಬೀಗದಕೈಯನ್ನೂ ಅದೇ ದಾರಿಯಲ್ಲಿ ಕಳಿಸಿದರೆ ಕಳ್ಳನಿಗೆ ಅದೂ ಸಿಗುತ್ತದೆಯಲ್ಲ? ಈ ಒಗಟನ್ನು 1976ರಲ್ಲಿ ಡಿಫೀ ಮತ್ತು ಹೆಲ್ಮನ್ ಎಂಬಿಬ್ಬರು ಬಿಡಿಸಿದರು. ಪ್ರೌಢಶಾಲೆಯ ಗಣಿತವೇ ಇದನ್ನು ತಿಳಿಯಲು ಸಾಕು.

ಗುಬ್ಬಿಯಲ್ಲಿ ಒಬ್ಬ ವಿದ್ಯಾರ್ಥಿನಿ, ತುಮಕೂರಿನ ಕಾಲೇಜಿನಲ್ಲಿ ಒಂದು ಸರ್ವರ್ ಎಂದಿಟ್ಟುಕೊಳ್ಳಿ. ನಡುವೆ ಸುಮಾರು 20 ಕಿಲೋಮೀಟರು. ಇಬ್ಬರೂ 2 ಮತ್ತು 13 ಎಂಬ ಎರಡು ಸಂಖ್ಯೆಗಳನ್ನು ಬಹಿರಂಗವಾಗಿ ಒಪ್ಪಿಕೊಳ್ಳುತ್ತಾರೆ. ವಿದ್ಯಾರ್ಥಿನಿ ಮನಸ್ಸಿನಲ್ಲಿ 5 ಎಂದುಕೊಳ್ಳುತ್ತಾಳೆ. 2ರ 5ನೆಯ ಘಾತ 32. ಅದನ್ನು 13ರಿಂದ ಭಾಗಿಸಿದರೆ ಶೇಷ 6. ಈ 6ನ್ನು ಕಳಿಸುತ್ತಾಳೆ. ಸರ್ವರ್ ಗುಟ್ಟಾಗಿ 4 ಎಂದುಕೊಳ್ಳುತ್ತದೆ. 2ರ 4ನೆಯ ಘಾತ 16, ಶೇಷ 3. ಈ 3ನ್ನು ಕಳಿಸುತ್ತದೆ.

ಈಗ ವಿದ್ಯಾರ್ಥಿನಿ ತನಗೆ ಬಂದ 3ರ 5ನೆಯ ಘಾತವನ್ನು ಕಂಡುಹಿಡಿಯುತ್ತಾಳೆ: 243. ಅದನ್ನು 13ರಿಂದ ಭಾಗಿಸಿದರೆ ಶೇಷ 9. ಸರ್ವರ್ ತನಗೆ ಬಂದ 6ರ 4ನೆಯ ಘಾತವನ್ನು ಕಂಡುಹಿಡಿಯುತ್ತದೆ: 1296. ಶೇಷ ಅಲ್ಲಿಯೂ 9! ದಾರಿಯಲ್ಲಿ ಸಾಗಿದ್ದು 6 ಮತ್ತು 3 ಮಾತ್ರ. 9 ಎಂದೂ ಸಾಗಲೇ ಇಲ್ಲ. ಆದರೂ ಅದು ಇಬ್ಬರಲ್ಲೂ ಇದೆ. ಮುಂದಿನ ಮಾತೆಲ್ಲ ಈ ಗುಟ್ಟಿನ ಸಂಖ್ಯೆಯಿಂದ ಹುಟ್ಟಿದ ಬೀಗದೊಳಗೆ ಸಾಗುತ್ತದೆ. ನಮ್ಮ ಚಿಕ್ಕ ಸಂಖ್ಯೆಗಳನ್ನು ಯಾರು ಬೇಕಾದರೂ ಊಹಿಸಬಹುದು. ನಿಜವಾದ ಬಳಕೆಯಲ್ಲಿ ಈ ಸಂಖ್ಯೆಗಳಿಗೆ ನೂರಾರು ಅಂಕಿಗಳಿರುತ್ತವೆ, ಇಲ್ಲವೇ ಇಷ್ಟೇ ಕಠಿಣವಾದ ಬೇರೆ ಗಣಿತವಿರುತ್ತದೆ.

ನೀನು ಯಾರು, ನಾನು ಯಾರು?

ಬೀಗ ಗಟ್ಟಿಯಾಗಿದ್ದರೂ ಒಂದು ಅಪಾಯ ಉಳಿಯುತ್ತದೆ. ತುಮಕೂರಿನ ಸರ್ವರ್ ಎಂದು ನಂಬಿ ನಡುವೆ ಕುಳಿತ ಕಳ್ಳನ ಗಣಕದೊಡನೆ ಮಾತಾಡುತ್ತಿದ್ದರೆ? ಇದಕ್ಕಾಗಿ ಪ್ರತಿ ಸರ್ವರಿಗೂ ತನ್ನದೇ ಗುರುತಿನ ಕೀಲಿಯುಂಟು. ಮೊದಲ ಸಲ ಸಂಪರ್ಕಿಸಿದಾಗ ಅದರ ‘ಬೆರಳಚ್ಚು’ ತೆರೆಯ ಮೇಲೆ ಮೂಡಿ, ‘ಇದನ್ನು ನಂಬುವಿರಾ?’ ಎಂಬ ಪ್ರಶ್ನೆ ಬರುತ್ತದೆ. ಹೆಚ್ಚಿನವರು ಓದದೆ ‘ಹೌದು’ ಎಂದುಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. ಸರ್ವರ್ ನೋಡಿಕೊಳ್ಳುವವರಿಂದ ಸರಿಯಾದ ಬೆರಳಚ್ಚನ್ನು ಮೊದಲೇ ಬರೆದು ತಂದು ಹೋಲಿಸಿ ನೋಡಿ. ಒಮ್ಮೆ ಒಪ್ಪಿದ ಮೇಲೆ ನಿಮ್ಮ ಗಣಕ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಮುಂದೆ ಎಂದಾದರೂ ‘ಗುರುತು ಬದಲಾಗಿದೆ’ ಎಂಬ ಎಚ್ಚರಿಕೆ ಬಂದರೆ ಅಲ್ಲಿಗೇ ನಿಲ್ಲಿಸಿ ವಿಚಾರಿಸಿ. ಸರ್ವರನ್ನು ಹೊಸದಾಗಿ ಸಜ್ಜುಗೊಳಿಸಿರಬಹುದು. ನಡುವೆ ಯಾರಾದರೂ ಕುಳಿತಿರಲೂಬಹುದು.

ಇನ್ನು ನೀವು ನೀವೇ ಎಂದು ಸರ್ವರಿಗೆ ತಿಳಿಯುವುದು ಹೇಗೆ? ಪಾಸ್‌ವರ್ಡ್ ಒಂದು ದಾರಿ. ಅದಕ್ಕಿಂತ ಒಳ್ಳೆಯದು ಕೀಲಿಜೋಡಿ. ಇದರಲ್ಲಿ ಒಂದು ಬಹಿರಂಗ ಕೀಲಿ, ಇನ್ನೊಂದು ಖಾಸಗಿ ಕೀಲಿ. ಬಹಿರಂಗ ಕೀಲಿಯನ್ನು ನಿಮ್ಮ ಹೆಸರಿನ ಬೀಗ ಎಂದುಕೊಳ್ಳಿ. ಅದನ್ನು ಸರ್ವರಿನ ಬಾಗಿಲಿಗೆ ಹಾಕಿ ಬರಬಹುದು, ಯಾರು ನೋಡಿದರೂ ಚಿಂತೆಯಿಲ್ಲ. ಅದನ್ನು ತೆರೆಯುವ ಖಾಸಗಿ ಕೀಲಿ ಮಾತ್ರ ನಿಮ್ಮ ಗಣಕ ಬಿಟ್ಟು ಹೋಗಬಾರದು. ಅದಕ್ಕೂ ಒಂದು ರಹಸ್ಯವಾಕ್ಯದ ಕಾವಲಿರಲಿ. ಸ್ನೇಹಿತರೆಂದು ಅದರ ನಕಲು ಕೊಡುವುದು, ಪ್ರಯೋಗಾಲಯದ ಎಲ್ಲರೂ ಬಳಸುವ ಗಣಕದಲ್ಲಿ ಬಿಟ್ಟು ಬರುವುದು ಮನೆಯ ಬೀಗದಕೈಯನ್ನು ಬಸ್ ನಿಲ್ದಾಣದಲ್ಲಿ ಬಿಟ್ಟು ಬಂದಂತೆ.

ಒಳಗೆ ಹೋದ ಮೇಲೆ

ಲೈನಕ್ಸ್ ಸರ್ವರಾದರೆ ಒಳಹೋದ ಕೂಡಲೆ ಆಜ್ಞೆ ಬರೆದು ಪ್ರೋಗ್ರಾಂ ನಡೆಸಬಹುದು. ಒಳಹೋಗದೆ, ಸಂಪರ್ಕಿಸುವ ಸಾಲಿನಲ್ಲಿಯೇ ಆಜ್ಞೆಯನ್ನೂ ಸೇರಿಸಿ ಕಳಿಸಬಹುದು. ಪ್ರೋಗ್ರಾಂ ಅಲ್ಲಿ ಓಡಿ, ಫಲಿತಾಂಶ ಮಾತ್ರ ಇಲ್ಲಿ ಮೂಡುತ್ತದೆ. ಜೊತೆಗೆ ಒಂದು ಸಂಖ್ಯೆಯೂ ಹಿಂದಿರುಗುತ್ತದೆ. ಸೊನ್ನೆ ಎಂದರೆ ಕೆಲಸ ಸರಿಯಾಗಿ ಮುಗಿಯಿತು. ಬೇರೆ ಸಂಖ್ಯೆ ಎಂದರೆ ಎಲ್ಲೋ ತಪ್ಪಾಗಿದೆ ಎಂದು ವಾಡಿಕೆ.

ಐಬಿಎಂ ಐ ಯಂತ್ರದಲ್ಲಿ ಕೆಲವು ವಿಶೇಷಗಳಿವೆ. ಮೊದಲನೆಯದು, ಎಸ್‌ಎಸ್‌ಎಚ್ ನಿಮ್ಮನ್ನು ಕರೆದೊಯ್ಯುವುದು ಆ ಯಂತ್ರದ ಒಳಗಿರುವ ‘ಪೇಸ್’ ಎಂಬ ಯುನಿಕ್ಸ್ ಮಾದರಿಯ ಅಂಗಳಕ್ಕೆ. ಯಂತ್ರದ ಮೂಲ ಆಜ್ಞೆಗಳು ಅಲ್ಲಿ ನೇರವಾಗಿ ನಡೆಯವು. ‘ಸಿಸ್ಟಮ್’ ಎಂಬ ಸಾಧನದ ಮೂಲಕ ಅವನ್ನು ಕರೆಯಬೇಕು. 24 ಸಾಲು, 80 ಅಕ್ಷರಗಳ ಹಸಿರು ತೆರೆಯಲ್ಲಿ ಪಟ್ಟಿ ತೋರಿಸಿ ಉತ್ತರ ಕೇಳುವ ಹಳೆಯ ಪ್ರೋಗ್ರಾಂಗಳು ಇಲ್ಲಿ ತೆರೆಯನ್ನು ಮೂಡಿಸಲಾರವು. ಕೇಳದೆ ಕೆಲಸ ಮುಗಿಸುವ ಪ್ರೋಗ್ರಾಂಗಳೇ ಈ ದಾರಿಗೆ ಒಗ್ಗುತ್ತವೆ. ಹಸಿರು ತೆರೆಯೇ ಬೇಕೆಂದರೆ, ಎಸ್‌ಎಸ್‌ಎಚ್ ದಾರಿಯೊಳಗೆ ಸುರಂಗ ಮಾಡಿ ಟೆಲ್‌ನೆಟ್ಟನ್ನೇ ಅದರೊಳಗೆ ಕಳಿಸಬಹುದು. ಆಗ ಅಂಚೆ ಕಾರ್ಡನ್ನು ಲಕೋಟೆಯಲ್ಲಿ ಇಟ್ಟಂತಾಯಿತು.

ಎರಡನೆಯದು, ಕಲಿಯುವವರನ್ನು ಬಹಳ ಕಾಡುವ ಸಂಗತಿ. ಈ ಯಂತ್ರದಲ್ಲಿ ಪ್ರೋಗ್ರಾಂಗಳೂ ಕಡತಗಳೂ ‘ಲೈಬ್ರರಿ’ಗಳಲ್ಲಿರುತ್ತವೆ. ಯಾವ ಲೈಬ್ರರಿಯಲ್ಲಿ ಮೊದಲು ಹುಡುಕಬೇಕು ಎಂಬುದಕ್ಕೆ ಪಟ್ಟಿಯೊಂದಿದೆ. ಹಸಿರು ತೆರೆಯಲ್ಲಿ ಪ್ರವೇಶಿಸಿದಾಗ ನಿಮಗಾಗಿ ಗೊತ್ತುಮಾಡಿದ ಆರಂಭದ ಪ್ರೋಗ್ರಾಂ ಓಡಿ, ಈ ಪಟ್ಟಿಯನ್ನು ಸಜ್ಜುಗೊಳಿಸಿರುತ್ತದೆ. ಎಸ್‌ಎಸ್‌ಎಚ್ ಮೂಲಕ ಹೋದಾಗ ಅದು ಓಡುವುದಿಲ್ಲ. ಆದ್ದರಿಂದ ನಿನ್ನೆ ಸರಿಯಾಗಿ ನಡೆದ ಪ್ರೋಗ್ರಾಂ ಇಂದು ‘ಕಡತ ಸಿಗಲಿಲ್ಲ’ ಎನ್ನುತ್ತದೆ. ಪ್ರೋಗ್ರಾಮಿನಲ್ಲಿ ತಪ್ಪಿಲ್ಲ, ಹುಡುಕುವ ಜಾಗದ ಪಟ್ಟಿ ಬೇರೆಯಾಗಿದೆ. ಒಂದು ಚಿಕ್ಕ ಪ್ರೋಗ್ರಾಂ ಬರೆದು, ಅದರೊಳಗೆ ಮೊದಲು ಪಟ್ಟಿಯನ್ನು ಸರಿಪಡಿಸಿ ಅನಂತರ ಮುಖ್ಯ ಪ್ರೋಗ್ರಾಮನ್ನು ಕರೆಯುವುದೇ ಸುಲಭವಾದ ಪರಿಹಾರ.

ಮೂರನೆಯದು ಅಕ್ಷರಗಳ ಸಂಗತಿ. ನಮ್ಮ ಸಾಮಾನ್ಯ ಗಣಕಗಳು ಬಳಸುವ ಆಸ್ಕಿ ಪದ್ಧತಿಯಲ್ಲಿ ಇಂಗ್ಲಿಷಿನ ದೊಡ್ಡ ‘ಎ’ ಅಕ್ಷರಕ್ಕೆ 65. ಐಬಿಎಂನ ಎಬ್ಸಿಡಿಕ್ ಪದ್ಧತಿಯಲ್ಲಿ ಅದೇ ಅಕ್ಷರಕ್ಕೆ 193. ಕನ್ನಡದ ‘ಕ’ ಅಕ್ಷರಕ್ಕೆ ಯೂನಿಕೋಡ್ ಕೊಟ್ಟಿರುವ ಸಂಖ್ಯೆ 3221. ಯಾವ ಕಡತ ಯಾವ ಪದ್ಧತಿಯಲ್ಲಿದೆ ಎಂದು ಯಂತ್ರಕ್ಕೆ ತಿಳಿಸದಿದ್ದರೆ, ಇಲ್ಲಿಂದ ಕಳಿಸಿದ ‘ಗುಬ್ಬಿ’ ಅಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗುತ್ತದೆ. ರೈತರ ಹೆಸರು, ಊರಿನ ಹೆಸರು ಕನ್ನಡದಲ್ಲಿರುವ ದಾಖಲೆಗಳ ಕೆಲಸ ಮಾಡುವವರು ಇದನ್ನು ಮರೆಯುವಂತಿಲ್ಲ.

ದಾರಿ ಕಡಿದರೆ ಕೆಲಸ ನಿಲ್ಲಬೇಕೆ?

ಈಗ ಕುಣಿಗಲಿನ ಒಬ್ಬ ವಿದ್ಯಾರ್ಥಿಯನ್ನು ಊಹಿಸಿಕೊಳ್ಳಿ. ರಾತ್ರಿ ಒಂಬತ್ತಕ್ಕೆ ತುಮಕೂರಿನ ಸರ್ವರಿನಲ್ಲಿ ಮೂರು ಗಂಟೆ ಹಿಡಿಯುವ ಲೆಕ್ಕವೊಂದನ್ನು ಆರಂಭಿಸುತ್ತಾನೆ. ಹನ್ನೊಂದೂವರೆಗೆ ಕರೆಂಟು ಹೋಗುತ್ತದೆ. ಸರ್ವರ್ ಇರುವಲ್ಲಿ ಕರೆಂಟು ಇದೆ, ಯಂತ್ರವೂ ಓಡುತ್ತಲೇ ಇದೆ. ಆದರೂ ಅವನ ಲೆಕ್ಕ ನಿಂತುಹೋಗಬಹುದು. ಪ್ರೋಗ್ರಾಂ ಅವನ ಸಂಪರ್ಕಕ್ಕೆ ಗಂಟುಬಿದ್ದಿತ್ತು. ಸಂಪರ್ಕ ಕಡಿದಾಗ ಅದೂ ಕೊನೆಯಾಯಿತು. ಎರಡೂವರೆ ಗಂಟೆಯ ಕೆಲಸ ನೀರಿನಲ್ಲಿ ಹೋಮ!

ಇದಕ್ಕೆ ಉಪಾಯ ನಮ್ಮ ಹಿಟ್ಟಿನ ಗಿರಣಿಯಲ್ಲೇ ಇದೆ. ರಾಗಿ ಬೀಸುವ ತನಕ ಚೀಲ ಹಿಡಿದು ನಿಂತೇ ಇರಬೇಕಾಗಿಲ್ಲ. ಚೀಲಕ್ಕೆ ಹೆಸರು ಬರೆದು ಸಾಲಿನಲ್ಲಿಟ್ಟು ಮನೆಗೆ ಬರಬಹುದು; ಸರದಿ ಬಂದಾಗ ಗಿರಣಿಯವರು ಬೀಸಿ ಇಟ್ಟಿರುತ್ತಾರೆ. ಐಬಿಎಂ ಐ ಯಂತ್ರದಲ್ಲಿ ‘ಸಬ್‌ಮಿಟ್ ಜಾಬ್’ ಎಂಬ ಆಜ್ಞೆ ಇದೇ ಕೆಲಸ ಮಾಡುತ್ತದೆ. ಪ್ರೋಗ್ರಾಮನ್ನು ಕೆಲಸದ ಸಾಲಿಗೆ ಸೇರಿಸಿ ನೀವು ಹೊರಬರಬಹುದು. ಅದು ತನ್ನ ಪಾಡಿಗೆ ಓಡಿ, ಮುದ್ರಣಕ್ಕೆ ಸಿದ್ಧವಾದ ಫಲಿತಾಂಶವನ್ನು ಇಟ್ಟಿರುತ್ತದೆ. ಏನಾಯಿತೆಂದು ತಿಳಿಯಲು ಕೆಲಸದ ದಿನಚರಿಯನ್ನು ಓದಬಹುದು. ಲೈನಕ್ಸ್ ಸರ್ವರುಗಳಲ್ಲಿ ‘ನೋಹಪ್’, ‘ಟಿಮಕ್ಸ್’ ಎಂಬ ಸಾಧನಗಳು ಸಂಪರ್ಕ ಕಡಿದರೂ ಪ್ರೋಗ್ರಾಮನ್ನು ಉಳಿಸುತ್ತವೆ.

ದೊಡ್ಡ ಯಂತ್ರಗಳಲ್ಲಿಯೂ ಕ್ರಮ ಇದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿಸಿದ ‘ಪರಮ್ ಪ್ರವೇಗ’ ಸೂಪರ್‌ಕಂಪ್ಯೂಟರಿನ ಸಾಮರ್ಥ್ಯ 3.3 ಪೆಟಾಫ್ಲಾಪ್. ಎಂದರೆ ಸೆಕೆಂಡಿಗೆ ಸುಮಾರು 3,300 ಲಕ್ಷ ಕೋಟಿ ಲೆಕ್ಕಗಳು. ಅದನ್ನು ಬಳಸುವ ಸಂಶೋಧಕರು ಅದರ ಮುಂದೆ ಹೋಗಿ ಕೂರುವುದಿಲ್ಲ. ಎಸ್‌ಎಸ್‌ಎಚ್ ಮೂಲಕ ಬಂದು, ಕೆಲಸವನ್ನು ಸಾಲಿಗೆ ಸೇರಿಸಿ ಹೋಗುತ್ತಾರೆ. ನೀವು ಇಂದು ಚಿಕ್ಕ ಸರ್ವರಿನಲ್ಲಿ ಕಲಿತದ್ದು ನಾಳೆ ಅಲ್ಲಿಗೂ ನಡೆಯುತ್ತದೆ.

ಬಾಗಿಲು ತೆರೆದಿದ್ದರೂ ಅದು ನಮ್ಮದಲ್ಲ

ಇಷ್ಟು ತಿಳಿದ ಮೇಲೆ ಒಂದು ಎಚ್ಚರಿಕೆಯ ಮಾತು. ನಿಮಗೆ ಅನುಮತಿ ಇರುವ ಸರ್ವರಿಗೆ ಮಾತ್ರ ಹೋಗಿ. ಒಳಹೋದ ಮೇಲೂ ನಿಮ್ಮ ಪಾಲಿಗೆ ಬಿಟ್ಟ ಜಾಗದಲ್ಲೇ ಕೆಲಸ ಮಾಡಿ. ‘ಸುಮ್ಮನೆ ನೋಡಿದೆ’ ಎನ್ನುವುದು ಸಮರ್ಥನೆಯಾಗದು. ಅನುಮತಿಯಿಲ್ಲದೆ ಗಣಕವನ್ನು ಪ್ರವೇಶಿಸಿದವರು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ದ 43ನೆಯ ವಿಧಿಯಂತೆ ಹೊಣೆಗಾರರಾಗುತ್ತಾರೆ. ಅದನ್ನೇ ಮೋಸದ ಉದ್ದೇಶದಿಂದ ಮಾಡಿದರೆ 66ನೆಯ ವಿಧಿಯಂತೆ 3 ವರ್ಷಗಳವರೆಗೆ ಸೆರೆವಾಸ ಅಥವಾ 5 ಲಕ್ಷ ರೂಪಾಯಿಗಳವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ಕಲಿಯಲು ಯಾರ ಬಾಗಿಲನ್ನೂ ಮುರಿಯಬೇಕಿಲ್ಲ. ವಿಂಡೋಸ್ ಗಣಕಗಳಲ್ಲಿ 2018ರಿಂದ ಓಪನ್ ಎಸ್‌ಎಸ್‌ಎಚ್ ಸೇರಿಕೊಂಡಿದೆ. ಲೈನಕ್ಸ್‌ನಲ್ಲಿ ಅದಕ್ಕೂ ಹಿಂದಿನಿಂದಲೇ ಇದೆ. ನಿಮ್ಮ ಕಾಲೇಜಿನ ಪ್ರಯೋಗಾಲಯದ ಎರಡು ಗಣಕಗಳೇ ಅಭ್ಯಾಸಕ್ಕೆ ಸಾಕು. ಐಬಿಎಂ ಐ ಯಂತ್ರವನ್ನೇ ನೋಡಬೇಕೆಂದಿದ್ದರೆ, ಕಲಿಯುವವರಿಗೆ ಶುಲ್ಕವಿಲ್ಲದೆ ಖಾತೆ ಕೊಡುವ ‘ಪಬ್400’ ಎಂಬ ಸರ್ವರ್ ಜರ್ಮನಿಯಲ್ಲಿದೆ. ಕುಣಿಗಲಿನ ಮನೆಯಿಂದಲೇ ಸಾವಿರಾರು ಮೈಲಿ ದೂರದ ಯಂತ್ರದಲ್ಲಿ ನೀವು ಬರೆದ ಪ್ರೋಗ್ರಾಂ ಓಡುವುದನ್ನು ಕಾಣುವಾಗ ಆಗುವ ಸಂತೋಷವೇ ಬೇರೆ.

ಕೊನೆಯದಾಗಿ ಮೂರು ಪ್ರಶ್ನೆಗಳನ್ನು ನೆನಪಿಡಿ. ನಾನು ಮಾತಾಡುತ್ತಿರುವುದು ಸರಿಯಾದ ಯಂತ್ರದೊಡನೆಯೇ? ನಡುವೆ ಯಾರಿಗೂ ಓದಲಾಗದಂತೆ ದಾರಿ ಮುಚ್ಚಿದೆಯೇ? ದಾರಿ ಕಡಿದರೂ ನನ್ನ ಕೆಲಸ ಉಳಿಯುತ್ತದೆಯೇ? ಈ ಮೂರಕ್ಕೂ ‘ಹೌದು’ ಎಂದು ಹೇಳಬಲ್ಲವರ ಕೈಯಲ್ಲಿ ಊರಿನ ದಾಖಲೆಗಳು ನೆಮ್ಮದಿಯಾಗಿರುತ್ತವೆ. ನಾಳೆ ಆ ಕುರ್ಚಿಯಲ್ಲಿ ಕೂರುವವರು ನೀವೇ ಆಗಬಹುದು.

ಯೋಚಿಸಿ, ಮಾಡಿ ನೋಡಿ

1. ಮೇಲಿನ ಲೆಕ್ಕದಲ್ಲಿ 2 ಮತ್ತು 13ನ್ನು ಹಾಗೆಯೇ ಇಟ್ಟುಕೊಂಡು, ಗುಟ್ಟಿನ ಸಂಖ್ಯೆಗಳನ್ನು 3 ಮತ್ತು 7 ಮಾಡಿ. ಇಬ್ಬರಿಗೂ ಒಂದೇ ಶೇಷ ಬರುತ್ತದೆಯೇ? (ಉತ್ತರ: 5)

2. ಬಹಿರಂಗ ಕೀಲಿ ಕಳೆದುಹೋದರೆ ಆಗುವ ನಷ್ಟಕ್ಕೂ ಖಾಸಗಿ ಕೀಲಿ ಕಳೆದುಹೋದರೆ ಆಗುವ ನಷ್ಟಕ್ಕೂ ಏನು ವ್ಯತ್ಯಾಸ?

3. ಬ್ಯಾಂಕು, ಅಂಚೆ ಕಚೇರಿ, ತಾಲ್ಲೂಕು ಕಚೇರಿ: ಇವುಗಳಲ್ಲಿ ಒಂದಕ್ಕೆ ನಿಮ್ಮ ಅಧ್ಯಾಪಕರೊಡನೆ ಹೋಗಿ, ಅಲ್ಲಿನ ಪ್ರೋಗ್ರಾಂ ಓಡುವ ಸರ್ವರ್ ಯಾವ ಊರಿನಲ್ಲಿದೆ ಎಂದು ವಿಚಾರಿಸಿ ಬರೆಯಿರಿ.